ತಮ್ಮನ ಅಗಲ ಗಾಲಿಗಳು

ಪುಟ್ಟ ಕಾರಿಗೆ ಅಗಲ ಗಾಲಿ ಹಾಕಿಸಿಕೊಂಡು ಓಡಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮಕ್ಕಳು ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಡೆದ ಹಾಗೆ ಕಾಣುತ್ತದೆ ಅದು. ಮಕ್ಕಳಾದರೆ ನಕ್ಕು ಸುಮ್ಮನಾಗಬಹುದು. ನನ್ನ ತಮ್ಮನಿಗೆ ಆಗಲೇ ಮೀಸೆ ಬಂದು ವರ್ಷಗಳಾಗಿದ್ದವು.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ನಾನು ದೇವದುರ್ಗದಲ್ಲಿ ಹೈಸ್ಕೂಲು ಟೀಚರು. ಅಲ್ಲಿ ಇನ್ನೊಬ್ಬ ಟೀಚರಮ್ಮನ ಜೊತೆ ಬಾಡಿಗೆ ಖೋಲಿಯಲ್ಲಿದ್ದೆ. ಅವರಿಗೆ ವರ್ಗವಾಯಿತು. ನೀನೊಬ್ಬಳೇ ಅಲ್ಲಿರುವುದು ಬೇಡವೆಂದು ಅಪ್ಪ ಹಟ ಹಿಡಿದರು. ದಿನಾ ಮಾನ್ವಿಯಿಂದ ಹೋಗಿಬರೋಣವೆಂದರೆ ಬಸ್ಸುಗಳು ಹೊಂದುತ್ತಿರಲಿಲ್ಲ. ಒಂದು ತಪ್ಪಿದರೆ ಇನ್ನೊಂದಕ್ಕಾಗಿ ಸ್ಟ್ಯಾಂಡಿನಲ್ಲಿ ಕಾದು ಕಾದು ಕತ್ತಲಾಗುತ್ತಿತ್ತು. ಆಗಷ್ಟೇ ನಮ್ಮ ಕಡೆ ಕಾಣಿಸತೊಡಗಿದ್ದ ಹೊಸ ನಮೂನೆಯ ಪುಟ್ಟ ಕಾರನ್ನು ಅಪ್ಪ ಕೊಂಡಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವರೇ ಹೇಳಿದರು.

“ಗಾಡಿ ಹೊಡಿಯಾದು ಕಲಿ ಯವ್ವಾ. ಲೈಸೆನ್ಸ್ ಸಿಕ್ರ ಕಾರಿನಾಗ ಹೋಗಿ ಬಾ. ಇಲ್ಲಂದ್ರ ಆ ನೌಕರಿ ಬಿಟ್ಟುಬಿಡು.”

ನೌಕರಿ ಬಿಟ್ಟು ಮನೆಯಲ್ಲಿ ಕೂತರೆ ಮುಂದೇನು ಎಂಬುದು ನನಗೆ ಗೊತ್ತಿತ್ತು. ಗಂಡು ಹುಡುಕಿ ಇಟ್ಟುಕೊಂಡೇ ಕಾದಿದ್ದ ಸೋದರತ್ತೆಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕಲಿತದ್ದು ಗಿರಣಿಯ ಕಣದಲ್ಲಿ, ಕುದಿಸಿದ ಭತ್ತ ಒಣಗಿಸುವ ಸಿಮೆಂಟಿನ ಕಣದಲ್ಲಿ. ಸಂಜೆ ಭತ್ತವನ್ನು ಗುಪ್ಪೆ ಹಾಕಿ, ಮೇಲೆ ತಾಡಪತ್ರಿ ಹೊದಿಸಿದ ಮೇಲೆ ಗುಪ್ಪೆಗಳ ನಡುವೆ ಜಾಗವಾಗುತ್ತಿತ್ತು. ಲೈಸೆನ್ಸಿಗೆ ಕಾರನ್ನು ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು. ಎರಡು ಗುಪ್ಪೆಗಳನ್ನು ಸುತ್ತಿ ನಾನು ಎಂಟು ಹಾಕುತ್ತಿದ್ದೆ. ಭತ್ತ ತಿರುವುವ ಹೆಣ್ಣಾಳುಗಳು ಕೆಲಸ ಮುಗಿದರೂ ಮನೆಗೆ ಹೋಗದೆ ಸಾಲಾಗಿ ಕೂತು ನೋಡುತ್ತಿದ್ದರು.

“ಒಂದು ಕಾಳು ಚೆಲ್ಲಿದ್ರ ನೀನ ಬಳೀಬೇಕು ನೋಡಕ್ಕಾ!” ಎಂದು ಕಾಲೆಳೆಯುತ್ತಿದ್ದರು.

ಕಾಳು ಚೆಲ್ಲಲಿಲ್ಲ. ಆ ಕಾರಿನ ಗಾಲಿಗಳು ರೊಟ್ಟಿ ಬಡಿಯುವ ಮರದ ಕೊಣಮಿಗೆಯಷ್ಟೂ ದೊಡ್ಡವಲ್ಲ ಎಂದು ಊರವರು ನಗುತ್ತಿದ್ದರು. ಆದರೆ ಸ್ಟೀರಿಂಗು ಹಗುರ. ಬೆರಳಿನಿಂದ ತಿರುವಿದರೂ ಮಾತು ಕೇಳುತ್ತಿತ್ತು. ನನ್ನ ಜೀವನದಲ್ಲಿ ನಾನು ಹೇಳಿದ ಹಾಗೆ ಕೇಳಿದ ಮೊದಲ ವಸ್ತು ಅದು.

ಲೈಸೆನ್ಸಿನ ಪರೀಕ್ಷೆ ಹತ್ತಿರ ಬಂದಾಗ ತಮ್ಮ ರಾಯಚೂರಿಗೆ ಹೋಗಿ ಬರುತ್ತೇನೆಂದು ಕಾರು ಒಯ್ದ. ಹಿಂದಿರುಗಿದಾಗ ನಾನು ಗುರುತೇ ಹಿಡಿಯಲಿಲ್ಲ. ಹೈದರಾಬಾದಿನಿಂದ ತರಿಸಿದ ಅಗಲ ಗಾಲಿಗಳು, ಬೆಳ್ಳಿಯ ಹಾಗೆ ಹೊಳೆಯುವ ಡಿಸ್ಕುಗಳು. ನಾಲ್ಕೂ ಕಡೆ ಮಡ್‌ಗಾರ್ಡಿನಿಂದ ಹೊರಗೆ ಚಾಚಿಕೊಂಡಿದ್ದವು.

“ಹ್ಯಾಂಗದ ಅಕ್ಕಾ? ಮೊದಲು ಆಡು ಇದ್ದಂಗ ಇತ್ತು. ಈಗ ಹುಲಿ ಆಗ್ಯದ, ಹುಲಿ!”

“ಹಳೇ ಗಾಲಿ ಎಲ್ಲವ?”

“ಕಲ್ಲೂರಾಗ ನಮ್ಮ ದೋಸ್ತಗ ಕೊಟ್ಟು ಬಂದೆ. ನೀರಿನ ಡ್ರಮ್ಮಿನ ಬಂಡಿಗೆ ಹಾಕಂತಾನಂತ.”

ಅಪ್ಪ ಹೊಸ ಗಾಲಿಗಳಿಗೆ ಕುಂಕುಮ ಹಚ್ಚಿಸಿ, ಕೆಳಗೆ ನಿಂಬೆಹಣ್ಣು ಇಡಿಸಿದರು. ಬಜಾರಿನ ಜನ ಬಂದು ನೋಡಿ ವಾಹ್ ವಾಹ್ ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ಕಣಕ್ಕೆ ಇಳಿಸಿದರೆ ಸ್ಟೀರಿಂಗು ಬೀಸುಕಲ್ಲಿನಂತೆ ಜಗ್ಗದು. ಪೂರ್ತಿ ತಿರುವಿದರೆ ಟೈರು ಮಡ್‌ಗಾರ್ಡಿಗೆ ತಾಗಿ ಗರಗರ ಉಜ್ಜುತ್ತಿತ್ತು. ಅದಕ್ಕೂ ಉಪಾಯ ಮಾಡಿದ ತಮ್ಮ. ಗಾಲಿ ಅಷ್ಟು ದೂರ ತಿರುಗದ ಹಾಗೆ ಕೆಳಗೆ ಅಡ್ಡ ತಡೆ ಹಾಕಿಸಿದ. ಉಜ್ಜುವುದು ನಿಂತಿತು, ಕಾರು ತಿರುಗುವುದೂ ಅರ್ಧ ನಿಂತಿತು. ಮೊದಲು ಗುಪ್ಪೆಗಳ ನಡುವೆ ಸಲೀಸಾಗಿ ಸುತ್ತುತ್ತಿದ್ದ ಕಾರಿಗೆ ಈಗ ಇಡೀ ಕಣವೇ ಸಾಲದು. ಇದರಲ್ಲಿ ಎಂಟು ಬರುವುದಿಲ್ಲ, ಗಾಲಿ ಬದಲಿಸಿ ಎಂದು ಅಪ್ಪನ ಮುಂದೆ ಅತ್ತೆ. ಹೌದು, ಅತ್ತೆ. ಹೇಳಲು ನನಗೇನೂ ನಾಚಿಕೆಯಿಲ್ಲ.

“ಹೋಗ್ಲಿ ಬಿಡು ಯವ್ವಾ,” ಎಂದರು ಅಪ್ಪ. “ಹುಡುಗ ಆಸೆಪಟ್ಟು ಹಾಕ್ಸ್ಯಾನ. ನೀ ದುಡುದು ನಮಗೇನು ಹಾಕಬೇಕಾಗೇದ?”

ಅವನದು ಆಸೆ. ನನ್ನದು ಹಾಗಾದರೆ ಏನು? ಅವನು ಹುಲಿ ಮಾಡಬೇಕೆಂದಿದ್ದರೆ ತನ್ನ ಮೋಟರ್‌ಸೈಕಲ್ಲನ್ನು ಮಾಡಿಕೊಳ್ಳಬೇಕಿತ್ತು. ನನ್ನ ನೌಕರಿ ಆ ಕಾರಿನ ಮೇಲೆ ನಿಂತಿದೆಯೆಂದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹೊಳೆಯುವ ಡಿಸ್ಕು ಮುಖ್ಯವಾಯಿತು.

ಪರೀಕ್ಷೆಯ ದಿನ ರಾಯಚೂರಿನ ಮೈದಾನದಲ್ಲಿ ಎಂಟಕ್ಕೆ ಕಲ್ಲುಗಳನ್ನು ಇಟ್ಟಿದ್ದರು. ಮೊದಲ ತಿರುವಿನಲ್ಲೇ ಕಾರು ಕಲ್ಲುಗಳನ್ನು ಒದ್ದುಕೊಂಡು ಹೊರಗೆ ಹೋಯಿತು. ಇನ್ನಷ್ಟು ಕಲಿತು ಬರ್ರಿ ಎಂದು ಲೈಸೆನ್ಸಿನ ಸಾಹೇಬರು ಮರ್ಯಾದೆಯಿಂದಲೇ ಹೇಳಿದರು. ಸರದಿಯಲ್ಲಿ ನಿಂತಿದ್ದ ಒಬ್ಬ ಮಾತ್ರ ಎಲ್ಲರಿಗೂ ಕೇಳುವ ಹಾಗೆ, “ಹೆಣ್ಮಕ್ಕಳ ಕೈಯಾಗ ಗಾಡಿ ಎಲ್ಲಿ ತಿರುಗ್ತದ?” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ತಮ್ಮ.

ಮನೆಗೆ ಬಂದ ಮೇಲೂ ಅವನದು ಅದೇ ರಾಗ. “ಗಾಲಿದೇನು ತಪ್ಪಿಲ್ಲ ಯಪ್ಪಾ. ಅಕ್ಕನ ಕೈಯಾಗ ಕಸುವಿಲ್ಲ. ಎಂಟು ಹಾಕಾದು ಏನ್ ದೊಡ್ಡ ಕೆಲಸ?”

ಅವನು ಲೈಸೆನ್ಸು ತೆಗೆದುಕೊಂಡದ್ದೂ ಹಳೆಯ ಗಾಲಿಯ ಮೇಲೆಯೇ. ನನಗೆ ತಲೆ ಕೆಟ್ಟಿತು. ಕಾರಿನ ಕೀಲಿಯನ್ನು ಅವನ ಕೈಯಲ್ಲಿಟ್ಟೆ.

“ನಿನ್ನ ಕೈಯಾಗ ಕಸುವು ಅದಲ್ಲ? ಬಾ, ಕಣದಾಗ ಹಾಕಿ ತೋರ್ಸು.”

ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತರು. ಹೆಣ್ಣಾಳುಗಳು ಮೊರ ಕೆಳಗಿಟ್ಟು ನಿಂತರು. ಗುಪ್ಪೆಗಳಿಗೆ ಆ ಹೊತ್ತಿಗಿನ್ನೂ ತಾಡಪತ್ರಿ ಹೊದಿಸಿರಲಿಲ್ಲ. ಕಾಲರು ಸರಿಮಾಡಿಕೊಂಡು ಸ್ಟೀರಿಂಗಿನ ಮುಂದೆ ಕೂತ ತಮ್ಮ. ಗುಪ್ಪೆಯ ಹತ್ತಿರ ಬಂದು ಸ್ಟೀರಿಂಗನ್ನು ಎರಡೂ ಕೈಯಿಂದ ಜಗ್ಗಿದ. ಕಾರು ತಿರುಗಬೇಕಾದಷ್ಟು ತಿರುಗಲೇ ಇಲ್ಲ. ಅವನ ಹುಲಿ ನೇರವಾಗಿ ಭತ್ತದ ಗುಪ್ಪೆಗೆ ನುಗ್ಗಿತು. ಅಗಲ ಟೈರುಗಳು ಕಾಳನ್ನು ಅರೆಯುತ್ತಾ ಕಣದ ತುಂಬ ಹರಡಿದವು. ಹೆಣ್ಣಾಳುಗಳು ಸೆರಗು ಬಾಯಿಗಿಟ್ಟುಕೊಂಡರು.

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

“ಲೇ! ಭತ್ತ! ಭತ್ತಲೇ! ಇಳಿ ಕೆಳಗ! ನಾಳಿಗೆ ಕಲ್ಲೂರಿಗೆ ಹೋಗಿ ಹಳೇ ಗಾಲಿ ತಗಂಡು ಬಾ!”

ತಮ್ಮ ಮಾರನೆಯ ದಿನವೇ ಹೋದ. ದೋಸ್ತನ ನೀರಿನ ಬಂಡಿಯಿಂದ ಗಾಲಿಗಳನ್ನು ಬಿಚ್ಚಿ ತಂದ. ತಡೆಯನ್ನೂ ತೆಗೆಸಿದ. ಅಗಲ ಗಾಲಿಗಳನ್ನು ಗಿರಣಿಯ ಗೋಡೆಯ ನೆರಳಿಗೆ ಎಸೆದರು. ಬುತ್ತಿ ಬಿಚ್ಚುವ ಹೊತ್ತಿಗೆ ಹೆಣ್ಣಾಳುಗಳು ಅವುಗಳ ಮೇಲೆ ಕೂರುತ್ತಿದ್ದರು.

ಮುಂದಿನ ಸಲ ರಾಯಚೂರಿನಲ್ಲಿ ಒಂದು ಕಲ್ಲನ್ನೂ ಮುಟ್ಟದೆ ಎಂಟು ಹಾಕಿ ಪಾಸಾದೆ. ಬರುವಾಗ ಅಭ್ಯಾಸದಂತೆ ಡ್ರೈವರ್ ಸೀಟಿಗೆ ಹೋಗಿ ಕೂತಿದ್ದ ತಮ್ಮ. ಇಳಿ ಎಂದೆ. ಇಳಿದು ಹಿಂದೆ ಕೂತ. ಅಪ್ಪ ನನ್ನ ಪಕ್ಕ ಕೂತರು. ಅವರ ಖುಷಿಗೆ ಪಾರವಿರಲಿಲ್ಲ.

“ನನ್ನ ಮಗಳು ಭಾರಿ ಶಾಣ್ಯಾಕಿ. ಮಾನ್ವ್ಯಾಗ ಯಾರ ಮನಿ ಹೆಣ್ಮಗಳು ಹಿಂಗ ಗಾಡಿ ಹೊಡೀತಾಳ, ಹೇಳ್ರಿ!”

ದಾರಿಯುದ್ದಕ್ಕೂ ಇದೇ ಮಾತು. ನಾನು ಕೇಳುವಷ್ಟು ಕೇಳಿದೆ. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದೆ.

“ಯಪ್ಪಾ, ನಾ ಅತ್ತಾಗ ಯಾಕ ಗಾಲಿ ತೆಗಸಲಿಲ್ಲ? ಭತ್ತ ಚೆಲ್ಲಬೇಕಿತ್ತೇನು?”

ಅಪ್ಪ ಕಿಟಕಿಯ ಕಡೆ ಮುಖ ಮಾಡಿದರು. ಕಲ್ಲೂರು ಬಂತು, ಹೋಯಿತು. ನಾನು ಗಾಡಿ ನಿಲ್ಲಿಸಲಿಲ್ಲ.