ಬಾವುಟ ಎತ್ತಿದ ಕೈ

ಮುಖದ ತುಂಬ ಸೋಪಿನ ನೊರೆ, ಕೊರಳ ಮೇಲೆ ರೇಜರ್. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವರು ಬಾಯಿ ಮುಚ್ಚಿಕೊಂಡಿರುತ್ತಾರೆ. ನಮ್ಮ ಬೀದಿಯ ಜನ ಹಾಗಲ್ಲ. ನಮ್ಮ ಫುಟ್‌ಬಾಲ್ ತಂಡ ಪಂದ್ಯ ಸೋತ ಮರುದಿನದಿಂದ ಬೀದಿಯ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಅಲ್ಲಣ್ಣ, ಆ ಬಾವುಟ ಎತ್ತಲೇಬೇಕಿತ್ತಾ?"

ಅಂಗಡಿಯ ಮಾಲೀಕ, ಕೆಲಸಗಾರ, ಕೂದಲು ಗುಡಿಸುವವ ಎಲ್ಲವೂ ಅವನೊಬ್ಬನೇ. ಊರಿಗೆಲ್ಲ ಅವನು ಕತ್ತರಿಯಣ್ಣ. ಐವತ್ತು ದಾಟಿದರೂ ಮದುವೆಯ ಗೊಡವೆಗೆ ಹೋದವನಲ್ಲ. ಅವನಿಗಿದ್ದದ್ದು ಎರಡೇ ಹುಚ್ಚು: ಬೀದಿಯ ಫುಟ್‌ಬಾಲ್ ತಂಡ ಮತ್ತು ಅಕ್ಕನ ಮನೆ. ಅಕ್ಕನ ಮಗ, ವೆಲ್ಡಿಂಗ್ ಕೆಲಸದವನು, ಆ ತಂಡದಲ್ಲಿ ಗೋಲು ಹೊಡೆಯುವ ಆಟಗಾರನಾದ ಮೇಲೆ ಎರಡು ಹುಚ್ಚೂ ಸೇರಿ ಒಂದೇ ಆಗಿಬಿಟ್ಟಿದ್ದವು.

ಆ ತಂಡ ಆಡುತ್ತಿದ್ದ ಲೀಗಿನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಪ್ರತಿ ತಂಡವೂ ಒಬ್ಬ ಲೈನ್ಸ್‌ಮನ್‌ನನ್ನು ಕೊಡಬೇಕು. ಅವನು ತನ್ನ ತಂಡ ಗೋಲು ಹೊಡೆಯುವ ಕಡೆಗೇ ಬಾವುಟ ಹಿಡಿದು ನಿಂತು, ತನ್ನವರ ಆಫ್‌ಸೈಡನ್ನು ತಾನೇ ಹಿಡಿಯಬೇಕು. ಅಂದರೆ ಜೊತೆಯವನು ಚೆಂಡು ಒದೆಯುವ ಗಳಿಗೆಯಲ್ಲಿ ತನ್ನ ಹುಡುಗ ಎದುರಾಳಿಯ ಕೊನೆಯ ಕಾವಲುಗಾರನನ್ನು ದಾಟಿ ನಿಂತಿದ್ದರೆ ಬಾವುಟ ಎತ್ತಬೇಕು. ಮೊದಲೆಲ್ಲ ಎದುರು ತಂಡದವನು ಎತ್ತುತ್ತಿದ್ದಾಗ ದಿನಾ ಹೊಡೆದಾಟವಾಗುತ್ತಿತ್ತಂತೆ. ತಮ್ಮವನೇ ಎತ್ತಿದರೆ ಯಾರನ್ನು ಹೊಡೆಯುತ್ತಾರೆ ಎಂದು ಯಾವನೋ ಬುದ್ಧಿವಂತ ಹೂಡಿದ ಉಪಾಯ ಇದು. ಆದದ್ದೇನೆಂದರೆ, ತಮ್ಮವರು ಮುನ್ನುಗ್ಗಿ ಬಂದಾಗಲೆಲ್ಲ ಲೈನ್ಸ್‌ಮನ್‌ಗಳ ಕಣ್ಣಿಗೆ ಸರಿಯಾಗಿ ಧೂಳು ಬೀಳತೊಡಗಿತು. ಕತ್ತರಿಯಣ್ಣನ ಕಣ್ಣಿಗೆ ಮಾತ್ರ ಬೀಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ.

ಸೋತ ಆ ಪಂದ್ಯ ಪ್ಲೇ ಆಫ್. ಗೆದ್ದವರು ಮೇಲಿನ ಡಿವಿಷನ್‌ಗೆ, ಸೋತವರು ಇದ್ದಲ್ಲೇ. ನಮ್ಮವರು ಒಂದು ಗೋಲು ಹಿಂದಿದ್ದರು. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಅಕ್ಕನ ಮಗ ಚೆಂಡನ್ನು ಬಲೆಗೆ ನುಗ್ಗಿಸಿದ. ಬೀದಿಗೆ ಬೀದಿಯೇ ಎದ್ದು ಕುಣಿಯಿತು. ಮಂಡಿನೋವಿನ ಅಕ್ಕನೂ ಕುಣಿದಳು. ಆಮೇಲೆ ನೋಡಿದರೆ ಗೆರೆಯ ಪಕ್ಕದಲ್ಲಿ ಕತ್ತರಿಯಣ್ಣನ ಬಾವುಟದ ಕೈ ಮೇಲಿತ್ತು. ಗೋಲು ರದ್ದಾಯಿತು.

ಮೈದಾನದ ಗೇಟಿನಲ್ಲೇ ಅಕ್ಕ ಅವನನ್ನು ತಡೆದು ನಿಲ್ಲಿಸಿದಳು. "ಅಮ್ಮ ಹೋದ್ಮೇಲೆ ನಿನ್ನ ಕಂಕುಳಲ್ಲಿ ಎತ್ಕೊಂಡು ಬೆಳೆಸ್ದೋಳು ಕಣೋ ನಾನು. ನನ್ ಮಗನ ಬಾಯಿಂದಾನೇ ತುತ್ತು ಕಿತ್ಕೊಂಡ್ಯಲ್ಲ. ಇನ್ಮೇಲೆ ನಮ್ಮನೆ ಹೊಸಿಲು ತುಳೀಬೇಡ."

ಬೆನ್ನಿಗೆ ಬಿದ್ದ ತಮ್ಮ, ಪ್ರತಿ ಭಾನುವಾರ ಅವಳ ಕೈ ಊಟ ಉಂಡು ಬೆಳೆದವನು. ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಅಂಗಡಿಯಲ್ಲಿ ಕನ್ನಡಿಯ ಕೆಳಗಿನ ಹಲಗೆಯೇ ಮೈದಾನವಾಯಿತು. ಪೌಡರ್ ಡಬ್ಬಿ ಗೋಲ್‌ಕೀಪರ್, ಕತ್ತರಿ ಕೊನೆಯ ಕಾವಲುಗಾರ, ಬಾಚಣಿಗೆ ಅಕ್ಕನ ಮಗ. ಬೇಕರಿಯವನು ಬಂದು ಬಾಚಣಿಗೆಯನ್ನು ಕತ್ತರಿಯ ಸಮಕ್ಕೆ ಇಟ್ಟ. "ಹಿಂಗಿದ್ದ ಕಣಣ್ಣ, ನನ್ ಕಣ್ಣಾರೆ ನೋಡಿದೀನಿ." ಬಸ್ ಡ್ರೈವರು ಅದನ್ನು ಗೇಣುದ್ದ ಹಿಂದೆ ತಳ್ಳಿದ. ಮೇಷ್ಟ್ರು ಇನ್ನಷ್ಟು ತಳ್ಳಿದರು. ಸಂಜೆ ಹೊತ್ತಿಗೆ ಹುಡುಗ ತನ್ನದೇ ಗೋಲಿನ ಬಾಯಲ್ಲಿ ನಿಂತಿದ್ದ. ಅಲ್ಲಿಂದ ಗೋಲು ಹೊಡೆದಿದ್ದರೆ ನಿಜಕ್ಕೂ ಪವಾಡವೇ.

ಮೊದಮೊದಲು ಕತ್ತರಿಯಣ್ಣ ನಕ್ಕ. ಆದರೆ ದಿನಾ ಹತ್ತು ಜನ ಹೇಳಿದ್ದನ್ನೇ ಹೇಳಿದರೆ ಕಲ್ಲೂ ಕರಗುತ್ತದೆ. ನಿಜವಾಗಿ ನೋಡಿದೆನಾ, ಅಥವಾ ನ್ಯಾಯವಂತ ಅನ್ನಿಸಿಕೊಳ್ಳುವ ಚಪಲಕ್ಕೆ ಕೈ ತಾನಾಗಿ ಎದ್ದಿತಾ? ಈ ಎರಡನೆಯ ಯೋಚನೆ ಹೊಕ್ಕ ಮೇಲೆ ಅವನಿಗೆ ಊಟ ಸೇರಲಿಲ್ಲ. ಅಕ್ಕನಿಲ್ಲದ ಭಾನುವಾರ ಒಂದು ಕಳೆಯಿತು. ಇನ್ನೊಂದನ್ನು ಕಳೆಯುವ ಶಕ್ತಿ ತನಗಿಲ್ಲವೆಂದು ಅವನಿಗೆ ಗೊತ್ತಾಯಿತು. ಬರುವ ಭಾನುವಾರದ ತಂಡದ ಮೀಟಿಂಗಿನಲ್ಲಿ ಎದ್ದು ನಿಂತು, ತಪ್ಪು ನನ್ನದೇ ಎಂದು ಹೇಳಿ ಬಾವುಟ ಒಪ್ಪಿಸಿಬಿಡುವುದೆಂದು ತೀರ್ಮಾನಿಸಿದ.

ಮೀಟಿಂಗಿನ ಹಿಂದಿನ ದಿನ ಅಕ್ಕನ ಮಗನೇ ಅಂಗಡಿಗೆ ಬಂದ. ಪಂದ್ಯವಾದ ಮೇಲೆ ಇತ್ತ ಸುಳಿದಿರಲಿಲ್ಲ; ಕೂದಲು ಕಿವಿ ಮುಚ್ಚಿತ್ತು. ಕುರ್ಚಿಯಲ್ಲಿ ಕೂತ. ಮಾಮ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಒಂದು ಪಕ್ಕ ಪೂರ್ತಿ ಕತ್ತರಿಸಿದ.

"ನಾಳೆ ಎಲ್ರೆದುರಿಗೂ ಹೇಳ್ಬಿಡ್ತೀನಿ ಕಣೋ," ಎಂದ ಮಾಮ ಕೊನೆಗೆ. "ನಾನೇ ತಪ್ಪು ನೋಡ್ದೆ ಅಂತ. ನಿಮ್ಮಮ್ಮಂಗೂ ಹೇಳು, ಕ್ಷಮಿಸ್ಲಿ."

ಹುಡುಗ ತಟ್ಟನೆ ತಿರುಗಿದ. ಕಿವಿ ಉಳಿದದ್ದು ಅವನ ಪುಣ್ಯ. "ಆ ಕತ್ತರಿ ಕೊಡು ಇಲ್ಲಿ," ಎಂದ. ಹಲಗೆಯ ಮೇಲೆ ಕತ್ತರಿ ಇಟ್ಟ. ಬಾಚಣಿಗೆಯನ್ನು ತೆಗೆದು ಕತ್ತರಿಗಿಂತ ಮುಂದೆ, ಪೌಡರ್ ಡಬ್ಬಿಯ ಹತ್ತಿರಕ್ಕೆ ಇಟ್ಟ.

"ಇಲ್ಲಿದ್ದೆ ಮಾಮ. ಚೆಂಡು ಬರೋಕೆ ಮುಂಚೆನೇ ನಂಗೆ ಗೊತ್ತಿತ್ತು. ನೀನು ನೋಡಿರಲ್ಲ ಅಂದ್ಕೊಂಡೆ."

"ಮತ್ತೆ ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಎಲ್ರೂ ಬೆನ್ನು ತಟ್ತಿದ್ರು. ಅನ್ಯಾಯ ಆಯ್ತು ಮಗಾ ಅಂತಿದ್ರು. ಕೇಳೋಕೆ ಚೆನ್ನಾಗಿತ್ತು ಮಾಮ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿನ ಬಂಡೆ ಉರುಳಿದ ಹಾಗೆ ಉಸಿರು ಹೊರಬಂತು. ಕತ್ತರಿಯಣ್ಣ ಗಿರಾಕಿಗಳ ಬೆಂಚಿನ ಮೇಲೆ ಕೂತ. ಕಣ್ಣು ಸುಳ್ಳು ಹೇಳಿರಲಿಲ್ಲ, ಕೈಯೂ ಹೇಳಿರಲಿಲ್ಲ. ಅಷ್ಟು ಹಗುರ ಅನ್ನಿಸಿದ್ದು ಅವನ ಜನ್ಮದಲ್ಲೇ ಇರಲಿಕ್ಕಿಲ್ಲ.

"ನಾಳೆ ನಾನೇ ಎದ್ದು ಹೇಳ್ತೀನಿ," ಎಂದ ಹುಡುಗ ತಲೆ ತಗ್ಗಿಸಿ.

"ಬೇಡ ಕಣೋ. ಬೀದಿಯೋರು ಇನ್ನೊಂದು ವರ್ಷ ಇದನ್ನೇ ಅಗೀತಾ ಇರ್ಲಿ. ಪಾಪ, ಅವ್ರಿಗೂ ಹೊತ್ತು ಹೋಗ್ಬೇಕಲ್ಲ. ನಿಮ್ಮಮ್ಮ ಒಬ್ಳಿಗೆ ಹೇಳು, ಸಾಕು."

ಹುಡುಗ ಹೊದಿಸಿದ ಬಟ್ಟೆ ಕಿತ್ತೆಸೆದು, ಅರ್ಧ ತಲೆಯಲ್ಲೇ ಬೀದಿಗೆ ಓಡಿದ. ಸ್ವಲ್ಪ ಹೊತ್ತಿಗೆಲ್ಲ ಅದೇ ಅರ್ಧ ತಲೆಯ ಕಿವಿ ಹಿಡಿದುಕೊಂಡು ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮಗನನ್ನು ಕುರ್ಚಿಗೆ ನೂಕಿದಳು. ತಮ್ಮನ ಮುಖ ನೋಡಲಾರದೆ ಕನ್ನಡಿಯೊಳಗಿನ ತಮ್ಮನ ಜೊತೆ ಮಾತಾಡಿದಳು.

"ಇವನ ತಲೆ ಮುಗ್ಸು. ನಾಳೆ ಊಟಕ್ಕೆ ಬಾ. ಹೋದ್ವಾರನೂ ನಿನ್ ತಟ್ಟೆ ಹಾಕಿ ಆಮೇಲೆ ತೆಗೆದಿಟ್ಟೆ, ಗೊತ್ತಾ?"

"ಬರ್ತೀನಕ್ಕ."

ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದಳು. "ಅಲ್ವೋ, ನೋಡಿದ್ದೇನೋ ನೋಡ್ದೆ. ಆ ಕೈನ ಒಂಚೂರು ತಡವಾಗಿ ಎತ್ತಬಾರ್ದಿತ್ತಾ? ನಾನು ಇನ್ನೊಂದು ಗಳಿಗೆ ಕುಣೀತಿದ್ದೆ."

ಕತ್ತರಿಯಣ್ಣ ನಗಲು ಹೋಗಿ ಅತ್ತುಬಿಟ್ಟ. ಒದ್ದೆ ಕಣ್ಣಲ್ಲೇ ಕತ್ತರಿ ಆಡಿಸಿದ್ದರಿಂದ ಹುಡುಗನ ಉಳಿದರ್ಧ ತಲೆ ಸ್ವಲ್ಪ ಓರೆಯಾಯಿತು. ಅದಕ್ಕೆ ಆ ಮನೆಯವರು ಯಾರೂ ತಕರಾರು ತೆಗೆಯಲಿಲ್ಲ.