ಛತ್ರದ ಬಾಗಿಲಿಗೆ ಬೇವು

ಎಪ್ಪತ್ತರ ದಶಕದ ಆರಂಭದಲ್ಲಿ ಶಿರಾದಲ್ಲಿ ಸಿಡುಬು ಹಬ್ಬಿದಾಗ ನಮ್ಮ ಬೀದಿಗೆ ಲಸಿಕೆ ಹಾಕುವವರೊಬ್ಬರು ಬರುತ್ತಿದ್ದರು. ಸೈಕಲ್ಲಿನಿಂದ ಇಳಿಯುತ್ತಲೇ ಷರಟಿನ ತೋಳೇರಿಸಿ ತಮ್ಮ ಲಸಿಕೆಯ ಕಲೆ ತೋರಿಸುತ್ತಿದ್ದರು. ಮನೆಮನೆಯಲ್ಲೂ ಒಂದೇ ಮಾತು: "ಇದು ಅಮ್ಮ ಅಲ್ಲ ಕಣಮ್ಮ, ರೋಗ. ಬೇವು ಕಟ್ಟಿದ್ರೆ ಹೋಗಲ್ಲ, ತೋಳು ಕೊಡು."

ಅಂಥವರು ಒಂದು ಬೆಳಗ್ಗೆ ಹಾಳು ಛತ್ರದ ಬಾಗಿಲಿಗೆ ತಾವೇ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಮನೆಯಿಲ್ಲದ ಹತ್ತಾರು ಜನ ಅಲ್ಲಿ ಮಲಗುತ್ತಿದ್ದರು. ನೀರಿಗೆ ಹೊರಟಿದ್ದ ನಾನು ಕೊಡ ಹಿಡಿದು ನಿಂತುಬಿಟ್ಟೆ.

"ಒಳಗೆ ಯಾರಿಗೆ ಅಮ್ಮ ಬಂದೈತೆ ಸ್ವಾಮಿ?"

"ಯಾರಿಗೂ ಇಲ್ಲ. ಸುಮ್ಕಿರಮ್ಮ."

ಅಷ್ಟರಲ್ಲಿ ಬೀದಿಯ ಯಜಮಾನರು ಆ ಜನರನ್ನು ಊರಾಚೆ ಓಡಿಸಲು ದೊಣ್ಣೆ ಹಿಡಿದು ಬಂದರು. "ಏಳ್ರಲೇ, ಊರಿಗೆಲ್ಲ ಅಂಟಿಸಿಬುಡ್ತೀರ!" ಎಂದು ಕೂಗುತ್ತಿದ್ದವರು ಬೇವು ಕಂಡದ್ದೇ ಚಪ್ಪಲಿ ಬಿಟ್ಟು, "ತಪ್ಪಾಯ್ತು ತಾಯಿ" ಎಂದು ಕೈಮುಗಿದು ಹಿಂದಿರುಗಿದರು. ಮಧ್ಯಾಹ್ನ ಅವರ ಮನೆಯಿಂದಲೇ ಅಮ್ಮನಿಗೆಂದು ತಂಪು ಮೊಸರನ್ನ ಬಂತು. ಒಳಗಿನವರು ಎಲೆ ನೆಕ್ಕಿ ಉಂಡರು.

ನನಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಸಂಜೆ ಲಸಿಕೆಯವರನ್ನು ತಡೆದು ಕೇಳಿದೆ: "ಅಮ್ಮನ ಹೆಸ್ರಲ್ಲಿ ಸುಳ್ಳಾ?"

"ಓಡಿಸಿದ್ರೆ ಎಲ್ಲೋ ದಾರೀಲಿ ಸಿಡುಬು ಬಂದು ಸಾಯ್ತಾರೆ. ತಂದಿದ್ದ ಲಸಿಕೆ ಮುಗ್ದೈತೆ, ತರಿಸಿ ಎಲ್ರಿಗೂ ಹಾಕಕ್ಕೆ ನಂಗೆ ಇನ್ನೆರಡು ದಿನ ಬೇಕು. ಸೊಪ್ಪು ಆಗ್ಲೇ ಬಾಡೈತೆ. ನಿಮ್ಮ ಹಿತ್ತಲಲ್ಲಿ ಮರ ಐತಲ್ಲ?"

ನಾನು ಮಾಡಿದ್ದು ಪಾಪವೋ ಪುಣ್ಯವೋ ಇಂದಿಗೂ ಗೊತ್ತಿಲ್ಲ. ಹಲ್ಲುಜ್ಜಲು ಕಡ್ಡಿ ಬೇಕೆಂದು ಅತ್ತೆಗೆ ಹೇಳಿ, ಮಾರುದ್ದದ ಕೊಂಬೆಯನ್ನೇ ಮುರಿದುಕೊಟ್ಟೆ.