ಮಂಚದ ಕೆಳಗ ಸಿಕ್ಕ ಮುಚ್ಚಳ

ಮಿಲಿಟ್ರಿಯಿಂದ ರಿಟೈರಾಗಿ ನಮ್ಮೂರು ವಾಡಿಗೆ ಬಂದೆ. ಗಡಿಯೊಳಗ ಕೇಳಿದ ಬಾಂಬಿನ ಸಪ್ಪಳ ಮಾತ್ರ ತಲಿಯಿಂದ ಹೋಗಿರಲಿಲ್ಲ. ಇಲ್ಲಿ ಕಲ್ಲಿನ ಗಣಿಯೊಳಗ ಮದ್ದು ಹಾರಿಸಿದಾಗೊಮ್ಮೆ ಮಂಚದ ಕೆಳಗ ಹೊಕ್ಕೊಳ್ಳೋದೇ ನನ್ನ ಡ್ಯೂಟಿ ಆತು. ಅದಕ್ಕ ಪ್ರತಿ ಸೋಮವಾರ ಬೆಂಗಳೂರಿನ ಮನಸ್ಸಿನ ಡಾಕ್ಟರಮ್ಮ ಒಬ್ಬರು ವಿಡಿಯೋದಾಗ ಮಾತಾಡಿಸ್ತಿದ್ದರು. ಮನಿಗೆ ಬಂದವರನ್ನ ಚಾ ಕುಡಿಸದ ಕಳಿಸೋದು ನನ್ನ ಹೆಂಡತಿಗೆ ಗೊತ್ತೇ ಇಲ್ಲ. ಮೊಬೈಲಿನ ಮುಂದೂ ಒಂದು ಕಪ್ಪು ಇಡ್ತಿದ್ದಳು. ‘ಆರ್ತದರಿ, ಕುಡೀರಿ’ ಅಂತ ಒತ್ತಾಯ ಬ್ಯಾರೆ!

ಒಂದಿನ ಮಾತಿನ ನಡುವೆನೇ ಗಣಿ ಢಂ ಅಂತು. ಮೊಬೈಲ್ ಸಮೇತ ನಾನು ಮಂಚದ ಕೆಳಗ.

‘ಸುತ್ತ ಕಾಣೋ ಐದು ವಸ್ತು ಹೇಳಿ, ಮನಸ್ಸು ಇಲ್ಲಿಗೆ ಬರುತ್ತೆ’ ಅಂದರು ಡಾಕ್ಟರಮ್ಮ.

‘ಜ್ವಾಳದ ಚೀಲ. ಹರಕ ಚಪ್ಪಲಿ. ಮುರಕ ಛತ್ರಿ. ಕುಕ್ಕರಿನ ಮುಚ್ಚಳ...’ ನಡುಗಿಕೋತ ಹೇಳಿದೆ.

‘ಎರಡು ತಿಂಗಳಿಂದ ಅದನ್ನೇ ಹುಡುಕ್ಲಿಕತ್ತೀನಿ! ಬಾಜು ಮನಿಯಾಕಿ ಮ್ಯಾಲೆ ಸುಮ್ನೆ ಸಂಶಯ ಪಟ್ಟೆ!’ ಹೆಂಡತಿ ಎರಡು ಕಪ್ಪು ಚಾ ಮುಂದಕ್ಕ ದೂಡಿಕೋತ ತೆವಳಿ ಬಂದಳು. ಒಂದು ನನಗ, ಒಂದು ಡಾಕ್ಟರಮ್ಮಗ. ಮುಚ್ಚಳ ಎದಿಗೆ ಅವಚಿಕೊಂಡು ನನ್ನ ಬಾಜೂಕೇ ಮಲಗಿದಳು.

‘ಐದನೇದು?’ ಅಂದರು ಡಾಕ್ಟರಮ್ಮ.

‘ನನ್ನ ಹೆಂಡತಿ’ ಅಂದೆ. ನಡುಕ ನಿಂತಿತ್ತು.

ತನ್ನನ್ನ ಹರಕ ಚಪ್ಪಲಿ ಸಾಲಿಗೆ ಸೇರಿಸಿದ್ದಕ್ಕ ಆಕಿ ಅದೇ ಮುಚ್ಚಳದಿಂದ ಒಂದು ಬಿಟ್ಟಳು.